ಕೂಸಿಲ್ಲದ ಬಾಣಂತನ

ಇವತ್ತು ರಾತ್ರಿ ತನ್ನ ಹಾಸಿಗೆ ಎಲ್ಲಿ ಬೀಳುತ್ತದೆ ಎಂಬುದೊಂದೇ ಹಂಪಮ್ಮನ ತಲೆಯನ್ನು ಕೊರೆಯುತ್ತಿತ್ತು. ಬಚ್ಚಲ ಕಲ್ಲಿನ ಮೇಲೆ ಕೂತು, ನೀರೆರೆಯುವ ಜಂಬವ್ವ ತಂಬಿಗೆ ತಂಬಿಗೆಯಾಗಿ ಸುರಿಯುತ್ತಿದ್ದ ಸುಡುನೀರಿಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿಕೊಂಡೇ ಅವಳು ಮನೆಯನ್ನೆಲ್ಲ ಒಂದು ಸುತ್ತು ಹಾಕಿ ಬಂದಳು. ಹಿತ್ತಲ ಕಡೆಯ ಬಾಣಂತಿ ಕೋಣೆ ಇನ್ನು ತನ್ನದಲ್ಲ. ನಾಳೆ ಸಂಡೂರಿನಿಂದ ಮಗಳು ನೀಲಗಂಗಾ ಚೊಚ್ಚಲ ಹೆರಿಗೆಗೆ ಬರುತ್ತಾಳೆ. ಪಡಸಾಲೆ ಗಂಡಸರದು. ತಾನೂ ಗಂಡನೂ ಇಷ್ಟು ವರ್ಷ ಮಲಗಿದ ನಡುಮನೆಯ ಕೋಣೆಯಲ್ಲಿ ಬೀಜದ ಭತ್ತದ ಚೀಲಗಳು ಮಲಗಿವೆ. ಉಳಿದದ್ದು ದೇವರ ಕೋಣೆಯ ಮುಂದಿನ ಜಾಗ. ಗಂಡನ ಅಕ್ಕ ಅಕ್ಕನಾಗಮ್ಮ ಚಿಕ್ಕ ವಯಸ್ಸಿನಲ್ಲೇ ವಿಧವೆಯಾಗಿ ತವರಿಗೆ ಬಂದಾಗಿನಿಂದ ಚಾಪೆ ಹಾಸಿಕೊಂಡು ಮಲಗುವುದು ಅಲ್ಲಿ. ಬೆಳಿಗ್ಗೆ ಮಜ್ಜಿಗೆ ಕಡೆಯುತ್ತ ಅವಳೇ ತೀರ್ಮಾನ ಹೇಳಿದ್ದಳು: “ನಾಳೆ ಹುಡುಗಿ ಬರ್ತಾಳ, ಆಕಿಗೆ ಆ ಕೋಣಿ ಬೇಕು. ನಿನ್ನ ಹಾಸಿಗಿ ನನ್ನ ಮಗ್ಗಲಾಗ ಹಾಸ್ತೀನಿ ತಗೋ. ಇನ್ನ ನಿನಗೂ ಅದೆಲ್ಲ ಏನೈತಿ?” ಸಿಟ್ಟಿನಿಂದ ಹೇಳಿದ್ದಲ್ಲ, ಮೂದಲಿಸಿ ಹೇಳಿದ್ದೂ ಅಲ್ಲ. ಮದುವೆ ಮುಗಿದ ಮೇಲೆ ದೊಡ್ಡ ಹಂಡೆಗಳನ್ನು ಅಟ್ಟಕ್ಕೆ ಏರಿಸುವಾಗ ಆಡುವ ಮಾತಿನ ಧಾಟಿ ಅದು. ಅದಕ್ಕೇ ತಿರುಗಿ ಏನೂ ಅನ್ನಲಾಗಲಿಲ್ಲ. ಹೂಂ ಎಂದುಬಿಟ್ಟಿದ್ದಳು.

“ಕಾಲು ಚಾಚ್ರಿ ಅವ್ವಾರ,” ಎಂದಳು ಜಂಬವ್ವ. ಹೊಕ್ಕುಳಿನಿಂದ ಕೆಳಕ್ಕಿಳಿದ ಗಾಯದ ಗೆರೆಯ ಮೇಲೆ ಅಂಗೈ ಮುಚ್ಚಿ, ನೀರು ನೇರ ಬೀಳದ ಹಾಗೆ ಸುರಿದಳು. ಗೆರೆ ಈಗ ಕೆಂಪಗಿಲ್ಲ, ಮಾಸಿದೆ. ಮುಟ್ಟಿದರೆ ನೋಯುವುದಿಲ್ಲ, ಅದರ ಸುತ್ತ ಒಂದಿಷ್ಟು ಚರ್ಮ ಮಾತ್ರ ಜೋಮು ಹಿಡಿದು ಯಾರದೋ ಮೈಯ ಹಾಗಿದೆ. ಜಂಬವ್ವ ಕೇರಿಯ ಎಷ್ಟೋ ಬಾಣಂತಿಯರಿಗೆ ನೀರೆರೆದವಳು, ಬಾಯಿಗೆ ಬಂದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವಳಲ್ಲ. “ನಿಮ್ಮ ಬಾಣಂತನಕ್ಕ ಕೊನಿ ಮೊದಲು ಇಲ್ಲ ನೋಡ್ರಿ. ಉಳದೋರದಾದ್ರ ಗಂಗಮ್ಮನ ಪೂಜಿ ಆತು, ಉಡಿ ತುಂಬಿದ್ರು, ನಾನು ಸೀರಿ ಇಸ್ಕೊಂಡು ಮನಿಗೆ ಹೋದೆ. ನಿಮ್ಮದು ಯಾವಾಗ ಮುಗೀಬೇಕು? ನಾಳಿಂದ ಮಗಳಿಗೂ ಎರೀಬೇಕು, ಅವ್ವಗೂ ಎರೀಬೇಕು. ಎರಡು ಹಂಡೆ ಕಾಸಬೇಕಾಕ್ಕೈತಿ,” ಎಂದು ನಕ್ಕಳು. ಹಂಪಮ್ಮನೂ ನಗಲು ನೋಡಿದಳು. ಬಿಸಿನೀರಿನ ಹಬೆಯಲ್ಲಿ ಮುಖ ಹೇಗಿದ್ದರೂ ನಡೆಯುತ್ತದೆ, ಅದೊಂದು ಅನುಕೂಲ.

ದಸರೆಗೆ ಮುಂಚೆ ಬಳ್ಳಾರಿಯ ಆಸ್ಪತ್ರೆಯಲ್ಲಿ ಅವಳ ಗರ್ಭಕೋಶ ತೆಗೆದಿದ್ದರು. ಅದರಲ್ಲಿ ಗಡ್ಡೆ ಬೆಳೆದು, ರಕ್ತ ಹೋಗಿ ಹೋಗಿ, ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಕಟ್ಟುವ ಹಾಗಾದ ಮೇಲೆ ಬೇರೆ ದಾರಿ ಇರಲಿಲ್ಲ. ರೈಲಿನಲ್ಲಿ ಹೊಸಪೇಟೆಗೆ ಬಂದು, ಅಲ್ಲಿಂದ ಗಾಡಿಯಲ್ಲಿ ಹುಲ್ಲಿನ ಮೇಲೆ ಮಲಗಿಕೊಂಡು ಕಂಪ್ಲಿಯ ಮನೆ ಮುಟ್ಟಿದಾಗ ಅಕ್ಕನಾಗಮ್ಮ ಬಾಗಿಲಲ್ಲಿ ನಿಂತು ಇವಳನ್ನು ನೋಡಿದ ನೋಟ ಇನ್ನೂ ನೆನಪಿದೆ. ಏನು ಮಾಡಬೇಕೆಂದು ತಿಳಿಯದ ನೋಟ ಅದು. ಹೊಟ್ಟೆ ಕೊಯ್ದು ಒಳಗಿನದನ್ನು ತೆಗೆದು ಕಳಿಸಿದ ಹೆಂಗಸನ್ನು ಈ ಮನೆಯಲ್ಲಿ ಯಾರೂ ಕಂಡವರಲ್ಲ. ಹೊಟ್ಟೆ ನೊಂದು ಮಲಗಿದ ಹೆಂಗಸಿಗೆ ಮಾಡುವ ಆರೈಕೆ ಅಂತ ಅವರಿಗೆ ಗೊತ್ತಿದ್ದದ್ದು ಒಂದೇ, ಬಾಣಂತನ. ಅದನ್ನೇ ಮಾಡಿದರು. ಬಾಣಂತಿ ಕೋಣೆಯ ಹೊರಸಿನ ಕೆಳಗೆ ಕೆಂಡ ಇಟ್ಟರು, ಕಿಟಕಿಗೆ ಗೋಣಿ ಕಟ್ಟಿದರು, ತಲೆಗೆ ಬಟ್ಟೆ ಬಿಗಿದು ಕಿವಿಗೆ ಹತ್ತಿ ತುರುಕಿದರು, ಅಂಟಿನುಂಡಿ ತಿನ್ನಿಸಿದರು, ಸಂಜೆಗೆ ಲೋಬಾನದ ಹೊಗೆ ಹಾಕಿದರು. ಒಂದು ದಿನ ಅಕ್ಕನಾಗಮ್ಮ ರೂಢಿಯ ಕೈಯಲ್ಲಿ ಅಟ್ಟದಿಂದ ತೊಟ್ಟಿಲ ಹಗ್ಗ ಕೂಡ ಇಳಿಸಿ ತಂದಿದ್ದಳು; ತಂದು, ನಡುಮನೆಯಲ್ಲಿ ನಿಂತು, ಕೈಯಲ್ಲಿದ್ದದ್ದನ್ನು ನೋಡಿ, ವಾಪಸು ಅಟ್ಟಕ್ಕೆ ಹಾಕಿದ್ದಳು. ಹೊರಸಿನ ಮೇಲಿಂದ ಅದನ್ನು ನೋಡಿದ ಹಂಪಮ್ಮ ಗೋಡೆಯ ಕಡೆ ಹೊರಳಿಕೊಂಡಿದ್ದಳು. ಅಳು ಬಂದಿರಲಿಲ್ಲ. ಅವಳಿಗೆ ಕೂಸು ಬೇಕಾಗಿರಲಿಲ್ಲ, ಇದ್ದ ಒಬ್ಬ ಮಗಳನ್ನೇ ಮದುವೆ ಮಾಡಿ ಕಳಿಸಿ ಆಗಿತ್ತು. ಅವಳಿಗೆ ಬೇಕಾದದ್ದು ಬೇರೆ, ಅದನ್ನು ಯಾರ ಮುಂದೆ ಹೇಳುವುದು?

ಹೇಳಿದವಳು ಒಬ್ಬಳಿದ್ದಳು. ಆಸ್ಪತ್ರೆಯ ದೊರೆಸಾನಿ ಡಾಕ್ಟರಮ್ಮ, ಉದ್ದ ಮೂಗಿನವಳು, ಪುಸ್ತಕದಲ್ಲಿ ಕಲಿತ ಕನ್ನಡವನ್ನು ಅಕ್ಷರ ಬಿಡಿಸಿ ಆಡುವವಳು. ಮನೆಗೆ ಕಳಿಸುವ ದಿನ ಪರದೆ ಎಳೆದು ಮಂಚದ ತುದಿಯಲ್ಲಿ ಕೂತು, ಮಳೆ ಬೆಳೆ ವಿಚಾರಿಸಿದಷ್ಟು ಸಲೀಸಾಗಿ ಹೇಳಿದ್ದಳು. “ಗಾಯ ಮಾಗಿದ ಮೇಲೆ ಗಂಡನ ಸಂಗಡ ಮೊದಲಿನಂತೆ ಇರಬಹುದು. ಅವಸರ ಬೇಡ. ನೋವಾದರೆ ನಿಲ್ಲಿಸಲು ಹೇಳಿರಿ. ಒಣಗಿದಂತಾದರೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿರಿ. ನಾನು ತೆಗೆದದ್ದು ಕೂಸು ಬೆಳೆಯುವ ಚೀಲ. ಸುಖ ಇರುವುದು ಅದರೊಳಗಲ್ಲ. ಇದನ್ನು ನಿಮ್ಮ ಯಜಮಾನರಿಗೂ ಹೇಳಬೇಕು, ಕರೆಯಿರಿ.” ಯಜಮಾನರು ಆಸ್ಪತ್ರೆಯ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದರು, ಕರೆದರೂ ಒಳಗೆ ಬರಲಿಲ್ಲ. ಹೆಂಗಸರ ವಾರ್ಡಿಗೆ ಬರಲು ನಾಚಿಕೆ. ಪರದೆಯ ಆಚೆ ನಿಂತ ಆಯಾ ಮೂಗಿನಲ್ಲಿ ನಕ್ಕದ್ದು ಕೇಳಿಸಿತ್ತು. “ನೀವೇ ಹೇಳಿಬಿಡಿರಿ ಹಾಗಾದರೆ,” ಎಂದು ಡಾಕ್ಟರಮ್ಮ ಎದ್ದು ಹೋದಳು. ಏನು ಸುಲಭ ಅವಳಿಗೆ! ಆವತ್ತಿನಿಂದ ಆ ಮಾತುಗಳನ್ನು ಹಂಪಮ್ಮ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ತಿರುಗಿದ್ದೇ ಬಂತು. ಗಾಡಿಯಲ್ಲಿ ಹೇಳೋಣವೆಂದರೆ ಗಾಡಿ ಹೊಡೆಯುವವನಿದ್ದ. ಮನೆಯಲ್ಲಿ ಹೇಳೋಣವೆಂದರೆ ಗಂಡ ಕೋಣೆಯ ಹೊಸ್ತಿಲ ಈಚೆ ಕಾಲಿಡಲಿಲ್ಲ. ಕಾರ್ತಿಕ ಹೋಯಿತು, ಸುಗ್ಗಿ ಹೋಯಿತು, ಶಿವರಾತ್ರಿಯೂ ಹೋಯಿತು.

ಗಂಡ ಕೊಟ್ರಬಸಪ್ಪ ಅಕ್ಕಿ ಗಿರಣಿಯ ಧಣಿ. ಧಣಿ ಎಂದರೆ ಗಾದಿಯ ಮೇಲೆ ಕೂರುವವನಲ್ಲ, ಹಮಾಲರು ಕಡಿಮೆಯಾದರೆ ತಾನೇ ಚೀಲಕ್ಕೆ ಹೆಗಲು ಕೊಡುವವನು. ಅವನು ಬರುವುದಕ್ಕೆ ಮುಂಚೆ ತೌಡಿನ ವಾಸನೆ ಬರುತ್ತಿತ್ತು ಮನೆಗೆ. ಅವಳು ಬಳ್ಳಾರಿಯಿಂದ ಬಂದಾಗಿನಿಂದ ಅವನು ರಾತ್ರಿ ಗಿರಣಿಯಲ್ಲೇ ಮಲಗುತ್ತಾನೆ. ಸುಗ್ಗಿಯಲ್ಲಿ ಕಾವಲು ಬೇಕು ಎಂದ, ಸರಿ. ಸುಗ್ಗಿ ಮುಗಿದ ಮೇಲೆ ಎಂಜಿನ್ ಕೆಟ್ಟಿದೆ ಎಂದ. ಈಗ ಏನೂ ಅನ್ನುವುದಿಲ್ಲ, ಉಂಡು ಕೈತೊಳೆದು, ಕಂಬಳಿ ಹೆಗಲಿಗೆ ಹಾಕಿಕೊಂಡು ಹೋಗುತ್ತಾನೆ. ಸಂಕ್ರಾಂತಿಯ ಆಚೀಚೆ ಒಂದು ದಿನ ನೀರಿನ ತಂಬಿಗೆ ಕೊಡುವಾಗ ಬೇಕೆಂತಲೇ ಅವನ ಬೆರಳಿಗೆ ಬೆರಳು ತಗುಲಿಸಿದ್ದಳು. ಅವನು ಕೈ ಹಿಂದಕ್ಕೆ ಎಳೆದುಕೊಂಡ ರಭಸಕ್ಕೆ ತಂಬಿಗೆ ಬಿದ್ದು ನೀರು ಚೆಲ್ಲಿತು. ಇಬ್ಬರೂ ನೀರನ್ನೇ ನೋಡುತ್ತ ನಿಂತರು. ಅಕ್ಕನಾಗಮ್ಮ ಒಳಗಿನಿಂದ ಏನು ಬಿತ್ತು ಎಂದು ಕೇಳಿದಳು. “ಏನಿಲ್ಲ,” ಎಂದ ಅವನು. ಆ ರಾತ್ರಿಯೆಲ್ಲ ಹಂಪಮ್ಮ ತನ್ನ ಬೆರಳನ್ನು ತಾನೇ ಮುಟ್ಟಿ ಮುಟ್ಟಿ ನೋಡಿಕೊಂಡಿದ್ದಳು. ಹೇಸಿಕೆಯಾಗುವಂಥದ್ದು ಇದರಲ್ಲಿ ಏನಿದೆ?

ಅದೇ ಸಂಕ್ರಾಂತಿಗೆ ಎದುರುಮನೆಯ ಎರ್ರಮ್ಮ ಮುತ್ತೈದೆಯರನ್ನು ಕರೆದು ಉಡಿ ತುಂಬಿದ್ದಳು. ಸಾಲಾಗಿ ಕೂತವರ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಕಣ ಬೀಳುತ್ತ ಬಂತು. ಎದುರುಮನೆ ತಾನೆ ಎಂದು ಹಂಪಮ್ಮನೂ ಹೋಗಿ ಸೆರಗು ಒಡ್ಡಿ ಕೂತಿದ್ದಳು. ಎರ್ರಮ್ಮನ ಕೈ ಇವಳ ಮುಂದೆ ಬಂದು ಒಂದು ಕ್ಷಣ ತಡೆಯಿತು. ಉಡಿ ತುಂಬುವುದು ಹೊಟ್ಟೆ ತುಂಬಲಿ ಎಂದು ತಾನೆ? ತುಂಬುವ ಜಾಗವೇ ಇಲ್ಲದವಳಿಗೆ? ಕೊನೆಗೆ ಅರಿಶಿನ ಕುಂಕುಮ ಹಚ್ಚಿ, ಕುಪ್ಪಸದ ಕಣವನ್ನು ಪಕ್ಕದಲ್ಲಿ ಇಟ್ಟು, “ನಿಮಗ ಭಾರ ಆಕ್ಕೈತಿ, ಇನ್ನೂ ಹಸಿಮೈ,” ಎಂದು ಮುಂದಿನವಳ ಕಡೆ ಸರಿದಳು. ಒಡ್ಡಿದ ಸೆರಗನ್ನು ಹಂಪಮ್ಮ ಯಾರಿಗೂ ಕಾಣದ ಹಾಗೆ ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು. ಎಲ್ಲರಿಗೂ ಕಂಡಿತು. ಮನೆಗೆ ಬಂದು, ಒಣಗಲು ಹಾಕಿದ್ದ ಗಂಡನ ಅಂಗಿಯನ್ನು ಗೂಟದಿಂದ ತೆಗೆದು ಮಡಿಸುವಾಗ, ತೊಳೆದರೂ ಹೋಗದ ಆ ತೌಡಿನ ವಾಸನೆಗೆ ಮೈ ಇದ್ದಕ್ಕಿದ್ದ ಹಾಗೆ ಬೆಚ್ಚಗಾಯಿತು. ಹೊಟ್ಟೆಯ ಕೆಳಗೆ, ಕೊಯ್ದ ಗೆರೆಯ ಆಚೆ, ಅದೇ ಹಳೆಯ ಸೆಳೆತ. ಅಯ್ಯೋ ಶಿವನೇ, ಇದು ಇನ್ನೂ ಇದೆಯಲ್ಲ ಎಂದು ಮೊದಲು ಬಂದದ್ದು ಖುಷಿ. ಹಿಂದೆಯೇ ನಾಚಿಕೆ. ಊರೆಲ್ಲ ಇವಳದು ಮುಗಿಯಿತು ಎಂದು ತಿಳಿದಿರುವಾಗ, ಇವಳೊಬ್ಬಳು ಬಾಗಿಲು ಹಾಕಿಕೊಂಡು ಗಂಡನ ಅಂಗಿ ಮೂಸುತ್ತ ಕೂತಿದ್ದಾಳೆ. ಕದ್ದವಳಂತೆ ಅಂಗಿಯನ್ನು ವಾಪಸು ಗೂಟಕ್ಕೆ ಹಾಕಿದ್ದಳು.

“ಏಳ್ರಿ ಅವ್ವಾರ, ನೀರು ಆತು,” ಎಂದಳು ಜಂಬವ್ವ. ಹಂಪಮ್ಮ ಎದ್ದು, ಸೀರೆ ಸುತ್ತಿಕೊಂಡು, ತಲೆಗೆ ಬಟ್ಟೆ ಕಟ್ಟಲು ಬಂದವಳ ಕೈ ತಡೆದಳು. ಬ್ಯಾಡ ಎಂದಳು. ಯಾಕೆ ಅಂದಳೋ ಅವಳಿಗೇ ತಿಳಿಯಲಿಲ್ಲ. ಒದ್ದೆ ಕೂದಲು ಬೆನ್ನ ಮೇಲೆ ಬಿಟ್ಟುಕೊಂಡೇ ಕೋಣೆಗೆ ಬಂದರೆ ಅಕ್ಕನಾಗಮ್ಮ ಆಗಲೇ ಹೊರಸಿನ ಮೇಲಿನ ಹಾಸಿಗೆಯನ್ನು ಸುತ್ತಿಟ್ಟು, ಕಿಟಕಿಯ ಗೋಣಿ ಬಿಚ್ಚಿ ಕೊಡವಿ, ನೆಲ ಸಾರಿಸಿ ಮುಗಿಸಿದ್ದಳು. ಇಷ್ಟು ದಿನ ಮಬ್ಬಿನಲ್ಲಿದ್ದ ಕೋಣೆಯಲ್ಲಿ ಬಿಸಿಲು ಬಿದ್ದು ಗೋಡೆಯ ಕಲೆಗಳೆಲ್ಲ ಕಾಣುತ್ತಿದ್ದವು. ತನಗಾಗಿ ಯಾರೂ ಆ ಗೋಣಿ ಬಿಚ್ಚಲಿಲ್ಲ ಎಂದು ಅನ್ನಿಸಿತು. ಮಗಳ ಮೇಲೆ ಹೊಟ್ಟೆಕಿಚ್ಚು ಪಡುವ ತಾಯಿಯಾದೆನಲ್ಲ ಎಂದೂ ಅನ್ನಿಸಿತು. ಸುತ್ತಿಟ್ಟ ಹಾಸಿಗೆಯ ಪಕ್ಕದಲ್ಲಿ ಕೂತಳು. ಊರಿನಲ್ಲಿ ಗಾಳಿ ಬೀಸುತ್ತಿರಲಿಲ್ಲ. ದೂರದಲ್ಲಿ ಗಿರಣಿಯ ಎಂಜಿನ್ ಟಪ್ ಟಪ್ ಎನ್ನುತ್ತಿತ್ತು. ಅದು ನಿಂತರೆ ಅವನು ಊಟಕ್ಕೆ ಹೊರಟ ಎಂದು ಲೆಕ್ಕ.

ಇಂಥದೇ ಒಂದು ಹೊರಸು, ಇಂಥದೇ ಲೋಬಾನದ ಕೋಣೆ ಪಾಪಿನಾಯಕನಹಳ್ಳಿಯಲ್ಲಿ, ತವರಿನಲ್ಲಿ. ಮಗಳು ನೀಲಾ ಆಗ ಇನ್ನೂ ಕಣ್ಣು ನಿಲ್ಲಿಸಿ ನೋಡಲು ಬರದ ಕೂಸು. ಜೋಳದ ಕೊಯ್ಲು, ಅವ್ವ ಬುತ್ತಿ ಹೊತ್ತು ಹೊಲಕ್ಕೆ ಹೋಗಿದ್ದಳು, ಮನೆಯಲ್ಲಿ ಯಾರೂ ಇಲ್ಲ. ಕೂಸು ನೋಡುವ ನೆಪ ಮಾಡಿಕೊಂಡು ಗಂಡ ಬಂದ. ಗಂಗಮ್ಮನ ಪೂಜೆ ಇನ್ನೂ ಆಗಿರಲಿಲ್ಲ. ಬಾಣಂತಿ ಬಾವಿಗೆ ಹೋಗಿ, ಗಂಗಮ್ಮನಿಗೆ ಪೂಜೆ ಮಾಡಿ, ಉಡಿ ತುಂಬಿಸಿಕೊಂಡು, ಕೊಡ ಹೊತ್ತು ಬಂದ ಮೇಲೆಯೇ ಗಂಡ ಅವಳ ಹತ್ತಿರ ಸುಳಿಯಬೇಕು. ಅಲ್ಲಿಯವರೆಗೆ ಹಸಿಮೈ, ಮುಟ್ಟಿದರೆ ಮೈಗೆ ಕೇಡು. ಅವನಿಗೂ ಗೊತ್ತಿತ್ತು. ಬಾಗಿಲ ಚೌಕಟ್ಟು ಹಿಡಿದು, ಒಳಗೆ ಬರಲೋ ಬೇಡವೋ ಎಂದು ನಿಂತಿದ್ದ. ಮೀಸೆ ಆಗಿನ್ನೂ ಸರಿಯಾಗಿ ದಪ್ಪವಾಗಿರಲಿಲ್ಲ. ಕೈಯಲ್ಲಿ ಹೊಸಪೇಟೆಯಿಂದ ತಂದ ಮಂಡಾಳು ಒಗ್ಗರಣೆಯ ಪೊಟ್ಟಣ. ಬಾಣಂತಿಗೆ ಯಾರಾದರೂ ಖಾರ ಹಾಕಿದ ಮಂಡಕ್ಕಿ ತರುತ್ತಾರೆಯೇ? ಕಿವಿಯಲ್ಲಿ ಹತ್ತಿ, ತಲೆಗೆ ಬಟ್ಟೆ, ಎದೆಯಲ್ಲಿ ಹಾಲಿನ ವಾಸನೆ, ಹೀಗಿದ್ದ ತನ್ನನ್ನು ಅವನು ನೋಡಿದ ಪರಿ! ಅವಳು ಗೋಡೆಯ ಕಡೆಗೆ ಸರಿದು ಜಾಗ ಬಿಟ್ಟಳು. ಅಷ್ಟೇ. ಅದಾದ ಮೇಲೆ ಎಷ್ಟೋ ರಾತ್ರಿಗಳು ಬಂದು ಹೋದವು, ಬಸಿರುಗಳು ಬಂದು ನಿಲ್ಲದೆ ಹೋದವು, ರಕ್ತದ ವರ್ಷಗಳು ಬಂದವು. ಆ ಮಧ್ಯಾಹ್ನ ಮಾತ್ರ ಹಾಗೇ ಉಳಿದಿತ್ತು. ಆಸ್ಪತ್ರೆಯಲ್ಲಿ ಮೂಗಿಗೆ ಮತ್ತು ಬರಿಸುವ ಔಷಧಿಯ ಬಟ್ಟೆ ಹಿಡಿದಾಗ ಅವಳು ಕೊನೆಗೆ ನೆನೆದದ್ದು ದೇವರನ್ನಲ್ಲ, ಆ ಮಂಡಾಳಿನ ಪೊಟ್ಟಣವನ್ನು.

ಹಂಪಮ್ಮ ಎದ್ದಳು. ಹಾಸಿಗೆಯ ಸುತ್ತನ್ನು ಕಂಕುಳಿಗೆ ಹಾಕಿಕೊಂಡು ನಡುಮನೆಗೆ ಬಂದಳು. ದೇವರ ಕೋಣೆಯ ಮುಂದೆ ಅಕ್ಕನಾಗಮ್ಮ ಎರಡು ಚಾಪೆ ಪಕ್ಕಪಕ್ಕಕ್ಕೆ ಬಿಚ್ಚಿ ಅಳತೆ ನೋಡಿದ್ದು ಹಾಗೇ ಇತ್ತು. ಅವಳು ಹಿತ್ತಲಲ್ಲಿ ಗೋಣಿ ಒಣಹಾಕುತ್ತಿದ್ದಳು. ಹಂಪಮ್ಮ ಚಾಪೆಗಳನ್ನು ದಾಟಿ ತಮ್ಮ ಹಳೆಯ ಕೋಣೆಯ ಅಗುಳಿ ತೆಗೆದಳು. ಒಳಗೆ ಕಾಲಿಡಲು ಜಾಗವಿಲ್ಲ. ಮಂಚದ ಮೇಲೂ ಚೀಲ, ಕೆಳಗೂ ಚೀಲ, ಅವನು ಅಂಗಿ ಬಿಚ್ಚಿ ಹಾಕುತ್ತಿದ್ದ ಗೂಟಕ್ಕೂ ಒಂದು ಸಣ್ಣ ಬೀಜದ ಗಂಟು. ತಾನು ಬಳ್ಳಾರಿಯಲ್ಲಿದ್ದಾಗ ಅಕ್ಕನಾಗಮ್ಮ ಇಡಿಸಿದ್ದು. ಅವನು ಬೇಡ ಅನ್ನಲಿಲ್ಲ, ಅದೇ ಬೇಜಾರು. ಹಾಸಿಗೆಯನ್ನು ಹೊಸ್ತಿಲ ಮೇಲಿಟ್ಟು, ಮಂಚದ ಮೇಲಿನ ಮೊದಲ ಚೀಲದ ಎರಡು ಕಿವಿ ಹಿಡಿದು ಎಳೆದಳು. ಭಾರ ಎತ್ತಬಾರದು ಎಂದು ದೊರೆಸಾನಿ ಬೆರಳೆತ್ತಿ ಹೇಳಿದ್ದು ನೆನಪಾಯಿತು. ಎತ್ತುತ್ತಿಲ್ಲವಲ್ಲ, ಎಳೆಯುತ್ತಿದ್ದೇನೆ ಎಂದುಕೊಂಡಳು. ಚೀಲ ಗೇಣಷ್ಟು ಸರಿಯಿತು, ಮತ್ತೆ ಎಳೆದಳು. ಹೊಟ್ಟೆಯ ಗೆರೆ ಚುರ್ ಎಂದಿತು. ಉಸಿರು ಹಿಡಿದು ನಿಂತಳು. ಗಿರಣಿಯ ಸದ್ದು ಎಷ್ಟು ಹೊತ್ತಿಗೆ ನಿಂತಿತ್ತೋ ಅವಳಿಗೆ ಗೊತ್ತಾಗಿರಲಿಲ್ಲ.

“ಹುಚ್ಚ ಹಿಡದೈತೇನು ನಿನಗ? ಹೊಟ್ಟಿ ಹರಕೊಂತೀಯಾ?”

ಕೊಟ್ರಬಸಪ್ಪ ಹೊಸ್ತಿಲ ಮೇಲಿನ ಹಾಸಿಗೆ ದಾಟಿ ಬಂದು ಅವಳ ಮುಂಗೈ ಹಿಡಿದಿದ್ದ. ಹಿಡಿದಾದ ಮೇಲೆ ಹಿಡಿದದ್ದು ಅವನ ಅರಿವಿಗೆ ಬಂತು, ಬಿಟ್ಟುಬಿಟ್ಟ. ಅವಳ ಕೈಮೇಲೆ ಅವನ ಬೆರಳಿನ ತೌಡಿನ ಗುರುತು ಉಳಿಯಿತು. ಅದನ್ನು ನೋಡುತ್ತಲೇ ಅವಳು ಕೇಳಿದಳು, ಕೇಳುತ್ತೇನೆಂದು ತಾನೇ ಎಣಿಸಿರಲಿಲ್ಲ.

“ಹಿಡದ ಕೈ ಬಿಡ್ತೀರಿ ಯಾಕ? ನನ್ನ ಕಂಡ್ರ ಹೇಸಿಗಿ ಆಕ್ಕೈತೇನು?”

“ಏನಂತಿ? ಹೇಸಿಗಿ?” ಅವನು ನಿಜವಾಗಿ ಬೆಚ್ಚಿದ. ಹಿಂದೆ ತಿರುಗಿ ನಡುಮನೆಯಲ್ಲಿ ಅಕ್ಕ ಇದ್ದಾಳೋ ಎಂದು ನೋಡಿ ದನಿ ತಗ್ಗಿಸಿದ. “ಹಸಿಮೈ ಐತಲ್ಲ ನಿಂದು.”

“ದಸರಿಗೆ ಮೊದಲ ಕೊಯ್ದಿದ್ದು. ಶಿವರಾತ್ರಿ ಆತು. ಇನ್ನೂ ಎಲ್ಲೀದು ಹಸಿಮೈ?”

“ಗಂಗಮ್ಮನ ಪೂಜಿ ಆಗಿಲ್ಲಲ್ಲ.” ಅವನು ಚೀಲದ ಬಾಯಿಯ ದಾರವನ್ನು ತಿರುವುತ್ತಿದ್ದ. “ಅಕ್ಕ ಮಾಡಸ್ತಾಳ, ಆಮ್ಯಾಲೆ ಈ ಚೀಲ ತೆಗಸ್ತಾಳ ಅಂತ ನಾನು ದಾರಿ ನೋಡಾಕತ್ತೀನಿ. ಆಕಿ ಬಾಯಿ ಬಿಡವಲ್ಲಳು. ಯಾವಾಗ ಅಂತ ಗಂಡಸು ಆಗಿ ನಾ ಹೋಗಿ ಕೇಳಾಕ ಆಕ್ಕೈತೇನು? ನಕ್ಕಾರು.”

ಹಂಪಮ್ಮ ಭತ್ತದ ಚೀಲದ ಮೇಲೆ ಕೂತುಬಿಟ್ಟಳು. ಅವನು ದಾರಿ ನೋಡುತ್ತಿದ್ದನಂತೆ. ಬಾಣಂತನ ಮಾಡಿದವರು, ಅದಕ್ಕೊಂದು ಕೊನೆ ಮಾಡಬೇಕೆಂಬುದನ್ನು ಮರೆತರು. ಮರೆತದ್ದೂ ಅಲ್ಲ. ಕೂಸಿದ್ದರೆ ತಾನೆ ತೊಟ್ಟಿಲು, ಹೆಸರು, ಬಾವಿ, ಪೂಜೆ? ಕೂಸಿಲ್ಲದ ಬಾಣಂತಿಯನ್ನು ಯಾವ ನೆಪದಲ್ಲಿ ಹೊರಗೆ ಕರೆಯುವುದೆಂದು ಅಕ್ಕನಾಗಮ್ಮನಿಗೂ ತಿಳಿಯಲಿಲ್ಲ, ತಿಳಿಯದ್ದಕ್ಕೆ ಕೆಂಡ ಹಾಕುತ್ತಲೇ ಹೋದಳು. ಇವನು ಗಿರಣಿಯಲ್ಲಿ ಕಂಬಳಿ ಹೊದ್ದು ಕಾದ, ಇವಳು ಕೋಣೆಯಲ್ಲಿ ಹೊಗೆ ಕುಡಿಯುತ್ತ ಕಾದಳು. ನಗು ಬರಬೇಕಿತ್ತು, ಬಂದದ್ದು ಸುಸ್ತು.

“ಕೂಸಿಲ್ಲದಾಕಿಗೆ ಯಾವ ಪೂಜಿ ಮಾಡಸ್ತಾರ?” ಎಂದಳು. “ಯಾವತ್ತೂ ಆಗಂಗಿಲ್ಲ ಅದು. ನಿಮಗ ತಿಳೀಲಿಲ್ಲೇನು?”

“ತಿಳೀತು ಅಂದ್ರೂ, ಮುಟ್ಟಾಕ ಧೈರ್ಯ ಬರಬೇಕಲ್ಲ.” ಕೊಟ್ರಬಸಪ್ಪ ಅವಳ ಕಡೆ ನೋಡಲಿಲ್ಲ. “ಒಂದ್ಸಲ ಪೂಜಿಗೆ ಮೊದಲ ಬಂದು ಮಾಡಿದ್ದು ಸಾಲದೇನು? ಪಾಪಿನಾಯಕನಹಳ್ಳ್ಯಾಗ. ಅವತ್ತಿನ ಮರುದಿನ ನಿನಗ ಜ್ವರ ಬಂತು. ಆಮ್ಯಾಲೆ ಒಂದು ಬಸುರೂ ನಿಲ್ಲಲಿಲ್ಲ. ಕಡೀಕ ಇದೂ ಆತು, ಒಳಗಿಂದ ತಗದು ಹಾಕಿದ್ರು. ಎಲ್ಲ ಅವತ್ತಿಂದು. ಆಸ್ಪತ್ರಿ ಒಳಗ ಕರದ್ರೂ ನಾ ಬರಲಿಲ್ಲ. ನಿನ್ನ ಹೊಟ್ಟಿ ಯಾರು ಕೆಡಿಸಿದ್ರು ಅಂತ ಆ ದೊರೆಸಾನಿ ಕೇಳಿದ್ರ ಏನಂತ ಹೇಳ್ಲಿ?”

ಜ್ವರ ಬಂದಿತ್ತೇ? ಹಂಪಮ್ಮ ನೆನೆಸಿಕೊಳ್ಳಲು ನೋಡಿದಳು. ಬಂದಿರಬೇಕು, ಅವ್ವ ದೃಷ್ಟಿ ತೆಗೆದದ್ದು ಎಲ್ಲೋ ಮಸುಕಾಗಿ ಇತ್ತು. ಅವನು ಇಷ್ಟು ವರ್ಷ ಹೊತ್ತು ತಿರುಗಿದ್ದು ಅದನ್ನು. ಅವಳಿಗೆ ಮಂಡಾಳಿನ ಪೊಟ್ಟಣ, ಅವನಿಗೆ ಜ್ವರ. ಅಯ್ಯೋ ಪಾಪ ಎನ್ನಿಸಿತು. ಹಿಂದೆಯೇ ಮೈಯೆಲ್ಲ ಉರಿದು ಬಂದ ಸಿಟ್ಟಿಗೆ ಅವಳೇ ಹೆದರಿದಳು. ತನ್ನದು ಅಂತ ಇದ್ದದ್ದು ಆ ಒಂದು ಮಧ್ಯಾಹ್ನ. ಅದನ್ನು ಇವನು ತಪ್ಪು ಎಂದು ಎತ್ತಿ ಹೊರಗೆ ಎಸೆಯುತ್ತಿದ್ದಾನೆ.

“ನೀವು ಮಾಡಿದ್ದಲ್ಲ ಅದು,” ಎಂದಳು. “ನೀವು ಬಾಗಲಾಗ ನಿಂತಿದ್ರಿ. ನಾನ ಗ್ವಾಡಿ ಕಡೆ ಸರದು ಜಾಗ ಬಿಟ್ಟಿದ್ದು. ಮರತೀರೇನು? ತಪ್ಪು ಅಂದ್ರ ಅದರಾಗ ನಂದು ಪಾಲೈತಿ, ಪೂರಾ ನೀವೊಬ್ಬರ ತಗೊಂಡ್ರ ನಾನು ಕೊಡಂಗಿಲ್ಲ. ಗಡ್ಡಿ ಯಾರ ತಪ್ಪಿನಿಂದಾನೂ ಬರಂಗಿಲ್ಲಂತ, ಆ ಡಾಕ್ಟರಮ್ಮ ಹೇಳ್ಯಾಳ. ಮದುವಿ ಆಗದಾಕಿಗೂ ಬರ್ತೈತಂತ.”

“ಹಂಗಂದಳಾ?”

“ಇನ್ನೂ ಭಾಳ ಅಂದಾಳ. ನಿಮಗ ಹೇಳು ಅಂದಿದ್ದಳು.” ಈಗ ನಿಲ್ಲಿಸಿದರೆ ಇನ್ನೆಂದೂ ಆಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮಂಚದ ಕಾಲನ್ನು ನೋಡುತ್ತ, ದೊರೆಸಾನಿಯ ಪುಸ್ತಕದ ಮಾತನ್ನು ತನ್ನ ಬಾಯಿಯ ಮಾತು ಮಾಡಿ, ಒಂದೊಂದಾಗಿ ಇಳಿಸಿದಳು. ಗಾಯ ಮಾಗಿದ ಮೇಲೆ ಮೊದಲಿನ ಹಂಗ ಇರಬಹುದಂತ. ಅವಸರ ಮಾಡಬಾರದಂತ. ನೋವಾದರೆ ನಾನು ಬ್ಯಾಡ ಅಂತೀನಿ, ನೀವು ನಿಲ್ಲಬೇಕಂತ. ತೆಗೆದದ್ದು ಕೂಸಿನ ಚೀಲ ಅಷ್ಟೇ, ಸುಖ ಅದರಾಗ ಇರಲಿಲ್ಲಂತ. ಒಣಗಿದ ಹಂಗಾದರೆ ಎಣ್ಣಿ ಹಚ್ಚಿಕೋಬೇಕಂತ. ಕಿವಿ ಕಾದು ಕೆಂಡವಾಗಿತ್ತು. ಅವನು ಗಿರಣಿಯ ಎಂಜಿನ್ನಿನ ವಿಚಾರ ಕೇಳುವವನಂತೆ ಕೇಳಿದ:

“ಯಾವ ಎಣ್ಣಿ?”

“ಕೊಬ್ಬರಿ ಎಣ್ಣಿ.”

“ಹೂಂ,” ಎಂದ. ಮೀಸೆಯ ತುದಿ ಅಲುಗಿತು. ಅವಳಿಗೂ ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡಳು. ನಗುವಾಗ ಗೆರೆ ಮತ್ತೆ ಚುರ್ ಎಂದಿತು.

“ಪೂಜಿ ಮಾತ್ರ... ಸಣ್ಣಗ ಮಾಡಿಸಿಬಿಡೋಣೇನು? ಮನಸ್ಸಿಗೆ ಸಮಾಧಾನ,” ಎಂದ ಅವನು.

“ಬ್ಯಾಡ,” ಎಂದಳು ಹಂಪಮ್ಮ. “ನಾಳೆ ನೀಲಾ ಬರ್ತಾಳ. ಆಕಿಗೆ ಕೂಸಾದ ಮ್ಯಾಲೆ ಆಕಿ ಮಾಡ್ಲಿ, ನಾನ ಮುಂದ ನಿಂತು ಮಾಡಸ್ತೀನಿ. ನಂದು ಬಾಣಂತನ ಅಲ್ಲ. ನನಗ ಜಡ್ಡಾಗಿತ್ತು, ವಾಸಿ ಆಗೈತಿ. ಮುಗೀತು ಅಂತ ನಾನ ಹೇಳಾಕತ್ತೀನಿ.”

ಕೊಟ್ರಬಸಪ್ಪ ಅವಳನ್ನು ಒಂದು ಸಲ ನೋಡಿದ. ತಲೆಗೆ ಬಟ್ಟೆ ಇಲ್ಲದ, ಒದ್ದೆ ಕೂದಲ ಹೆಂಡತಿಯನ್ನು ಈಗಷ್ಟೇ ಕಂಡವನ ಹಾಗೆ. “ಆ ಕಡೆ ಸರಿ,” ಎಂದು, ಅಂಗಿ ಬಿಚ್ಚಿ ಬಾಗಿಲಿಗೆ ಹಾಕಿ, ಮೊದಲ ಚೀಲವನ್ನು ಹೆಗಲಿಗೆ ಏರಿಸಿಕೊಂಡ.

ಅಕ್ಕನಾಗಮ್ಮ ಹಿತ್ತಲಿಂದ ಬಂದಾಗ ಪಡಸಾಲೆಯಲ್ಲಿ ಅರ್ಧದಷ್ಟು ಚೀಲಗಳು ಅಡ್ಡಾದಿಡ್ಡಿ ಬಿದ್ದಿದ್ದವು. “ಏನೋ ಇದು? ಇಲಿ ಬಿದ್ದಾವೇನು?” ಎಂದಳು. “ಬೀಜ ಗಿರಣ್ಯಾಗ ಇಡ್ತೀನಿ ಅಕ್ಕ. ಇಲ್ಲಿ ನಾವು ಮಲಗ್ತೀವಿ,” ಎಂದ ಅವನು, ಚೀಲ ಹೊತ್ತ ಕತ್ತನ್ನು ಎತ್ತದೆ. ನಾವು ಎಂದ. ಹಂಪಮ್ಮ ಕಸಬರಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಏನಾದರೂ ಅಂದೇ ಅನ್ನುತ್ತಾಳೆ ಎಂದು ಎದೆ ಗಟ್ಟಿ ಮಾಡಿಕೊಂಡಿದ್ದಳು. ಅಕ್ಕನಾಗಮ್ಮ ತಮ್ಮನನ್ನು ನೋಡಿದಳು, ಇವಳನ್ನು ನೋಡಿದಳು, ಆಮೇಲೆ ದೇವರ ಕೋಣೆಯ ಮುಂದಿನ ಎರಡು ಚಾಪೆಗಳನ್ನು ನೋಡಿದಳು. “ಹಂಗಾದ್ರ ಇದು ಸುತ್ತಿಡ್ಲೇನು?” ಎಂದು ಕೇಳಿದಳು. ಎರಡನೆಯ ಚಾಪೆಯ ಮೇಲೆ ಒಗೆದ ಹೊಸ ದುಪ್ಪಟಿ ಹಾಸಿ, ತಲೆದಿಂಬಿನ ಪಕ್ಕ ನೀರಿನ ತಂಬಿಗೆಯನ್ನೂ ಇಟ್ಟಿದ್ದಳು. ತನಗೆ ಯಾವತ್ತೂ ಇಟ್ಟುಕೊಂಡವಳಲ್ಲ. ಇಷ್ಟು ವರ್ಷ ಒಬ್ಬಳೇ ಮಲಗಿದವಳಿಗೆ ಪಕ್ಕದಲ್ಲಿ ಒಂದು ಉಸಿರು ಬೇಕಾಗಿತ್ತೇನೋ. ಹಂಪಮ್ಮನಿಗೆ ಬೆಳಿಗ್ಗೆ ತಾನು ಅಂದ ಹೂಂ ಈಗ ಬೇರೆ ಥರ ನೋಯಿತು. “ನಾ ಸುತ್ತಿಡ್ತೀನಿ ಬಿಡ್ರಿ ಅಕ್ಕಾರ,” ಎಂದಳು. “ಬ್ಯಾಡ, ಬಗ್ಗಬ್ಯಾಡ,” ಎಂದು ಅಕ್ಕನಾಗಮ್ಮ ತಾನೇ ಬಗ್ಗಿ ಸುತ್ತಿದಳು.

ದೀಪ ಹಚ್ಚುವ ಹೊತ್ತಿಗೆ ಕೋಣೆ ಖಾಲಿಯಾಗಿತ್ತು. ಎಷ್ಟು ಗುಡಿಸಿದರೂ ಮೂಲೆಯಲ್ಲಿ ಭತ್ತದ ಕಾಳು ಉಳಿದಿದ್ದವು, ಮಂಚದ ಹುರಿ ಚೀಲಗಳ ಭಾರಕ್ಕೆ ನಡುವೆ ಜೋತಿತ್ತು. ಹಂಪಮ್ಮ ಹಾಸಿಗೆ ಬಿಚ್ಚಿ ಹಾಸಿದಳು. ಅದರಿಂದ ಇನ್ನೂ ಲೋಬಾನದ ವಾಸನೆ ಬರುತ್ತಿತ್ತು. ಎಣ್ಣೆಯ ಗಿಂಡಿಯನ್ನು ಗೂಡಿನಲ್ಲಿ, ಕನ್ನಡಿಯ ಹಿಂದೆ, ಕಂಡೂ ಕಾಣದ ಹಾಗೆ ಇಟ್ಟಳು. ಕಾಲು ಸೋತು ಹೋಗಿದ್ದವು. ಆಗುತ್ತದೆಯೋ ಇಲ್ಲವೋ, ನೋಯುತ್ತದೆಯೋ, ಆ ಜೋಮು ಹಿಡಿದ ಚರ್ಮ ಅವನ ಕೈಯನ್ನು ಗುರುತು ಹಿಡಿಯುತ್ತದೆಯೋ, ಯಾವುದೂ ಗೊತ್ತಿರಲಿಲ್ಲ. ಇವತ್ತು ಏನೂ ಬೇಡ, ನಿದ್ದೆ ಬಂದರೆ ಸಾಕು ಎಂದೂ ಅನ್ನಿಸುತ್ತಿತ್ತು. ಕಾಲು ತೊಳೆದು ಬಂದ ಕೊಟ್ರಬಸಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತ. ಕೂದಲು ನೆರೆತಿದೆ, ಹೆಗಲ ಮೇಲೆ ಚೀಲದ ಕೆಂಪು ಗೆರೆ. ಹೆಗಲಿಗೆ ಕಂಬಳಿ ಇರಲಿಲ್ಲ.

“ನನಗ ದಣಿವಾಗೈತಿ,” ಎಂದ, ತಪ್ಪೊಪ್ಪಿಕೊಳ್ಳುವವನಂತೆ.

“ನನಗೂ,” ಎಂದಳು.

ಅವನು ಆದರೂ ಒಳಗೆ ಬರಲಿಲ್ಲ, ಅಲ್ಲೇ ನಿಂತಿದ್ದ. ಹಂಪಮ್ಮ ಮಂಚದ ಮೇಲೆ ಒರಗಿ, ಒಂದು ಕೈಯಿಂದ ಹೊಟ್ಟೆಯ ಗೆರೆಯನ್ನು ಹಿಡಿದುಕೊಂಡು, ಮೆಲ್ಲಗೆ ಗೋಡೆಯ ಕಡೆಗೆ ಸರಿದು ಜಾಗ ಬಿಟ್ಟಳು.